ಕರೆವ್ವ ಹರಿಗೋಲು ಹತ್ತಿದ ದಿನ

ನಾನು ನಮ್ಮೂರಿನ ಪುರಸಭೆಯ ಮಾಜಿ ಅಧ್ಯಕ್ಷೆ. ಈ ‘ಮಾಜಿ’ ಅನ್ನುವುದನ್ನು ಬೇರೆಯವರಾದರೆ ಅರ್ಧ ನುಂಗಿಕೊಂಡು ಹೇಳುತ್ತಾರೆ, ನಾನು ಒತ್ತಿಯೇ ಹೇಳುತ್ತೇನೆ. ಹಾಲಿ ಅಧ್ಯಕ್ಷರು ಬೇಕಾದಷ್ಟು ಜನ ಬಂದು ಹೋಗಿದ್ದಾರೆ, ಇನ್ನೂ ಬರುತ್ತಾರೆ. ನನ್ನ ಹಾಗೆ ಮಾಜಿಯಾದವರು ಇನ್ನೊಬ್ಬರಿದ್ದರೆ ತೋರಿಸಿ, ನೋಡೋಣ. ಹೆಸರು ಫಕೀರವ್ವ, ಬಿದಿರಿನ ಓಣಿಯವಳು. ಬುಟ್ಟಿ, ಮೊರ, ತಟ್ಟಿ ಹೆಣೆಯುವುದು ನಮ್ಮ ಕಸುಬು. ಊರಿನ ಸಭೆ ನಡೆಯುವ ಆ ದೊಡ್ಡ ಹರಿಗೋಲನ್ನು ಹೆಣೆದವರೂ ನಮ್ಮ ಓಣಿಯವರೇ. ಆದರೆ ನಾನು ಹತ್ತುವ ತನಕ ನಮ್ಮವರು ಒಬ್ಬರೂ ಅದರೊಳಗೆ ಕೂತಿರಲಿಲ್ಲ.

ನಮ್ಮೂರಿನ ಸಭೆ ಹೊಳೆಯ ನಡುವೆ ನಡೆಯುತ್ತದೆ. ಸದಸ್ಯರೆಲ್ಲ ದಂಡೆಯ ಘಟ್ಟದ ಮೆಟ್ಟಿಲ ಮೇಲೆ ತಮ್ಮ ತಮ್ಮ ದೇವರನ್ನು ಹೆಗಲಿನಿಂದ ಇಳಿಸಿ, ಬರಿಯ ಹೆಗಲಲ್ಲಿ ಹರಿಗೋಲು ಹತ್ತಬೇಕು. ಅಂಬಿಗರ ಹುಲಗಪ್ಪ ಹುಟ್ಟು ಹಾಕಿ ನಡುಹೊಳೆಗೆ ಒಯ್ದು ನಿಲ್ಲಿಸುತ್ತಾನೆ. ಸಭೆ ಮುಗಿದ ಮೇಲೆ ದಂಡೆಗೆ ಬಂದು, ಅವರವರ ದೇವರನ್ನು ಅವರವರು ಹೆಗಲಿಗೇರಿಸಿಕೊಂಡು ಮನೆಗೆ ಹೋಗುವುದು. ಈ ನಿಯಮ ಯಾರು ಮಾಡಿದರು ಅಂತ ನನ್ನ ಅಜ್ಜಿಗೂ ಗೊತ್ತಿರಲಿಲ್ಲ.

ದೇವರು ನಮ್ಮೂರಲ್ಲಿ ಕಣ್ಣಿಗೆ ಕಾಣುವುದಿಲ್ಲ, ಹೆಗಲಿಗೆ ಗೊತ್ತಾಗುತ್ತದೆ. ದರ್ಜಿ ಅಳತೆ ಪಟ್ಟಿ ಕೈಗೆತ್ತಿಕೊಂಡು ಮೊದಲು ಕೇಳುವುದೇ ‘ಎಡಕ್ಕೋ ಬಲಕ್ಕೋ’ ಅಂತ. ದೇವರು ಕೂರುವ ಕಡೆ ಬಟ್ಟೆ ಬೇಗ ಸವೆಯುತ್ತದೆ, ಅಲ್ಲಿ ಒಂದು ಪಟ್ಟಿ ಹೆಚ್ಚಿಗೆ ಕೊಟ್ಟು ಹೊಲಿಯಬೇಕು. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಹೆಗಲು ನೋಡುತ್ತಾರೆ. ನಮ್ಮ ಸದಸ್ಯರಲ್ಲಿ ಒಬ್ಬರು ಸಿದ್ರಾಮ ಮಾಸ್ತರ, ಅವರಿಗೆ ದೇವರಿಲ್ಲ, ಎರಡೂ ಹೆಗಲು ಸಮ. ಎಲ್ಲರೂ ಘಟ್ಟದಲ್ಲಿ ದೇವರನ್ನು ಇಳಿಸುವಾಗ ಅವರಿಗೆ ಮುಜುಗರವಾಗಿ ಕೊಡೆಯನ್ನಾದರೂ ಇಳಿಸಿ ಬರುತ್ತಾರೆ. ದಂಡೆಯ ಮೇಲೆ ದೇವರು ದೇವರು ಜಗಳಾಡಿದ್ದನ್ನು ಇವತ್ತಿನ ತನಕ ಯಾರೂ ಕಂಡಿಲ್ಲ. ಹೊಳೆಗೆ ನೀರು ಕುಡಿಯಲು ಬರುವ ಆಡುಗಳು ಕೂಡ ಆ ಮೆಟ್ಟಿಲು ಬಿಟ್ಟು ಸುತ್ತು ಹಾಕಿ ಇಳಿಯುತ್ತವೆ.

ನಮ್ಮ ಓಣಿಗೆಲ್ಲ ಒಬ್ಬಳೇ ದೇವಿ, ಕರೆವ್ವ. ಅವಳನ್ನು ಹೊರುವ ಹಕ್ಕು ನಮ್ಮ ಮನೆಯದು. ನನ್ನ ಅತ್ತೆ ಕಲ್ಲವ್ವ ಹರೆಯದಿಂದ ಹೊತ್ತವರು. ಮೊಣಕಾಲು ಕೈಕೊಟ್ಟ ಮೇಲೆ ಒಂದು ಮಂಗಳವಾರ ನನ್ನ ಎಡ ಹೆಗಲು ಒರೆಸಿ, ಅಲ್ಲಿ ಅವ್ವನನ್ನು ಕೂರಿಸಿ, ಎರಡು ದಿನ ಅತ್ತರು. ಅತ್ತೆ ಅಂದರೆ ಸುಮ್ಮನೆ ಅಲ್ಲ. ಓಣಿಯಲ್ಲಿ ಅವರು ಕೆಮ್ಮಿದರೆ ಜಗಳ ನಿಲ್ಲುತ್ತದೆ. ಅವರ ಬಾಯಿಗೆ ಬಾಯಿ ಕೊಟ್ಟು ಬದುಕಿರುವವಳು ನಾನೊಬ್ಬಳೇ. ಅದಕ್ಕೇ ನಮ್ಮಿಬ್ಬರಿಗೆ ಅಷ್ಟು ಸಲಿಗೆ.

ಅಧ್ಯಕ್ಷಗಿರಿ ನನಗೆ ಬಂದದ್ದೂ ಒಂದು ಚಂದ. ಸಭೆಯಲ್ಲಿ ದೊಡ್ಡ ಮನೆತನದ ದೇಸಾಯರ ಕಡೆಯವರಿಗೂ ಇನ್ನೊಂದು ಕಡೆಯವರಿಗೂ ಹೊಂದಿಕೆಯಾಗಲಿಲ್ಲ. ಯಾರಿಗೂ ಬೇಡವಾದವಳನ್ನು ನಡುವೆ ಕೂರಿಸಿದರೆ ತೊಂದರೆಯಿಲ್ಲ ಅಂದುಕೊಂಡು ನನ್ನನ್ನು ಆರಿಸಿದರು. ಬಾಯಿಲ್ಲದ ಹೆಂಗಸು ಅಂದುಕೊಂಡಿದ್ದರು, ಪಾಪ. ಆ ದಿನ ನಮ್ಮ ಓಣಿಯಲ್ಲಿ ಹಬ್ಬ. ಮುದುಕರು ಬಿದಿರು ಸೀಳುವ ಕತ್ತಿ ಕೆಳಗಿಟ್ಟು ಕುಣಿದರು. ನಾನೂ ಕುಣಿದೆ, ನಾಚಿಕೆ ಏನು ಬಂತು?

ಅಪ್ಪಾಸಾಹೇಬ ದೇಸಾಯರು ನಮ್ಮ ಮನೆಗೆ ಬಂದದ್ದು ಅದಾದ ಮೇಲೆ. ಅವರ ಮನೆತನದವರು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ಅತ್ತೆ ಗಡಬಡಿಸಿ ಹೊಸ ಚಾಪೆ ಹಾಸಿದರು. ದೇಸಾಯರು ಕೂತು, ಚಹಾ ಕುಡಿದು, ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದರು.

“ಕಲ್ಲವ್ವ, ನಿನ್ನ ಸೊಸಿ ಅಧ್ಯಕ್ಷಿ ಆದ್ಲು. ಆದ್ರ ನಿಮ್ಮ ಕರೆವ್ವ ಇನ್ನೂ ದಂಡಿ ಮ್ಯಾಲ ಬಿಸಲಾಗ ಕುಂತಾಳ. ನನಗ ಯಾಕೋ ಸರಿ ಕಾಣವಲ್ದು.”

ಅತ್ತೆಯ ಕಣ್ಣು ಅರಳಿತು. ನಾನು ಕೇಳಿದೆ, “ಏನ್ ಮಾಡಬೇಕಂತೀರಿ ಸಾಹೇಬ್ರ?”

“ಸಭಾ ಚಾಲೂ ಆಗೂ ಮುಂದ ಒಂದು ಪ್ರಾರ್ಥನಾ ಇಡೂಣು. ಅಧ್ಯಕ್ಷರ ದೇವ್ರು ಹರಗೋಲದಾಗ ಬಂದು ಕುಂದರ್ಲಿ. ನಾನ ಠರಾವು ತರ್ತೀನಿ. ಮೊದಲನೇ ಮಾನ ನಿಮ್ಮ ಕರೆವ್ವಗ.”

“ಆಮ್ಯಾಲ?”

“ಆಮ್ಯಾಲ ಯಾರು ಅಧ್ಯಕ್ಷರು ಆಗ್ತಾರೋ ಅವರ ದೇವ್ರು. ನೀವು ಹೂಂ ಅಂದ್ರ ನಮ್ಮ ಮಂದಿ ಅವಧಿ ಮುಗಿಯೂತನಕ ನಿಮ್ಮ ಬೆನ್ನಿಗಿ ಇರ್ತಾರ. ಒಲ್ಲೆ ಅಂದ್ರ, ನನಗ ಗೊತ್ತಿಲ್ಲ.”

ನನ್ನ ನಂತರ ಅಧ್ಯಕ್ಷರಾಗುವವರು ಯಾರು ಅಂತ ಊರಿಗೆಲ್ಲ ಗೊತ್ತಿತ್ತು, ದೇಸಾಯರಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಆದರೂ ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ನಮ್ಮ ಕೈ ಹೆಣೆದ ಹರಿಗೋಲಿನಲ್ಲಿ ನಮ್ಮವ್ವ ಕೂತು ನಡುಹೊಳೆಗೆ ಹೋಗುವುದನ್ನು ನೆನೆದು ಮೈ ಜುಮ್ಮೆಂದಿತು. ವಿಚಾರ ಮಾಡಿ ಹೇಳುತ್ತೇನೆ ಅಂದೆ. ಅವರು ಹೋದ ಮೇಲೆ ಒಲೆಯ ಮುಂದೆ ಕೂತು ವಿಚಾರ ಮಾಡಿದೆ. ರೊಟ್ಟಿ ಬೇಯುವುದರೊಳಗೆ ಆಸೆಯೂ ಇಳಿಯಿತು. ನನಗೆ ಬೇಡ ಅನ್ನಿಸಿತು. ಯಾಕೆ ಅಂತ ಬಾಯಿಬಿಟ್ಟು ಹೇಳಲು ಮಾತ್ರ ಬರಲಿಲ್ಲ.

“ಬ್ಯಾಡ್ರಿ ಅತ್ತಿ. ನಿಯಮ ಐತಿ,” ಅಂದೆ.

“ಯಾರ ನಿಯಮ? ನಮ್ಮನ್ನ ಕೇಳಿ ಮಾಡಿದ್ರೇನು?” ಅತ್ತೆ ಸಿಡಿದರು. “ನಿಮ್ಮ ಮಾವ ಆ ಹರಗೋಲ ಹೆಣಿಯೂ ಮುಂದ ಬೆರಳು ಕೊಯ್ಕೊಂಡಿದ್ರು. ಅವರ ರಕ್ತ ಅದಕ್ಕ ಅಂಟೈತಿ. ನಮ್ಮವ್ವ ಒಂದ ಸಲ ಅದರಾಗ ಕುಂತ್ರ ಹೊಳಿ ಏನ್ ಬತ್ತಿ ಹೊಕ್ಕೈತೇನು?”

ಅತ್ತೆ ಗೋಡೆ ಹಿಡಿದು ಎದ್ದು ನಿಂತು, ನನ್ನ ಎಡ ಹೆಗಲಿನ ಕಡೆ ನೋಡಿ ಕೈ ಮುಗಿದರು. ಆಮೇಲೆ ನನಗೆ ಹೇಳಿದರು, “ಈ ಸಲಾನೂ ಅವ್ವ ದಂಡಿ ಮ್ಯಾಲ ಉಳದ್ರ, ನೀ ನನ್ನ ಸೊಸಿ ಅಲ್ಲ, ನಾ ನಿನ್ನ ಅತ್ತಿ ಅಲ್ಲ. ತಿಳ್ಕೋ.”

ಅತ್ತೆ ಹೇಳಿದ ಮಾತು ತಪ್ಪುವವರಲ್ಲ. ಅವರ ಸ್ವಂತ ತಂಗಿಯ ಜೊತೆ ಒಂದು ಒನಕೆಯ ಸಲುವಾಗಿ ಮಾತು ಬಿಟ್ಟವರು, ತಂಗಿ ಮುದುಕಿಯಾದರೂ ಇನ್ನೂ ಮಾತಾಡಿಲ್ಲ. ನನಗೆ ತಾಯಿ ಸತ್ತು ಯಾವ ಕಾಲವಾಯಿತೋ. ಇರುವುದು ಇದೊಂದು ಅತ್ತೆ. ಬೈದರೂ ಅವರೇ ಬೈಯಬೇಕು, ಎಣ್ಣೆ ಹಚ್ಚಿ ತಲೆ ತಿಕ್ಕಿದರೂ ಅವರೇ ತಿಕ್ಕಬೇಕು. ಸಭೆಯ ದಿನ ಹತ್ತಿರ ಬಂದ ಹಾಗೆ ನನಗೆ ಅನ್ನ ಸೇರಲಿಲ್ಲ.

ಸಭೆಯ ದಿನ ಅಧ್ಯಕ್ಷರ ಮನೆಯಿಂದ ಎಲ್ಲರಿಗೂ ಬುತ್ತಿ ಬರಬೇಕು, ಅದು ಊರಿನ ರೂಢಿ. ಅತ್ತೆ ಬೆಳಗ್ಗೆಯೇ ಎದ್ದು ಜೋಳದ ರೊಟ್ಟಿ ಬಡಿದರು. ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿ ಹೊಸ ಬುಟ್ಟಿಗೆ ತುಂಬಿದರು. ನನ್ನ ಜೊತೆ ಒಂದು ಮಾತಿಲ್ಲ. ಘಟ್ಟಕ್ಕೆ ಬಂದರೆ ಇಡೀ ನಮ್ಮ ಓಣಿಯೇ ಅಲ್ಲಿ ನಿಂತಿದೆ. ಬಾರಿಸಲು ಹಲಗೆ ತಂದಿದ್ದಾರೆ, ಎರಚಲು ಅರಿಶಿನ ಭಂಡಾರದ ಚೀಲ ತಂದಿದ್ದಾರೆ. ಆದರೂ ಮೆಟ್ಟಿಲ ಮೇಲೆ ಕೂತು, ಹೆಗಲ ಮೇಲೆ ಕೈಯಿಟ್ಟು, “ಅವ್ವಾ, ಇಳಿ. ಸಂಜಿಗೆ ಕರ್ಕೊಂಡು ಹೋಗ್ತೀನಿ,” ಅಂದೆ. ಕರೆವ್ವ ಇಳಿದಳು. ಓಣಿಯವರು ಗುಜುಗುಜು ಗೊಣಗಿದರು. ಅತ್ತೆ ಮೆಟ್ಟಿಲ ಮೇಲೆ ಅವ್ವನ ಪಕ್ಕಕ್ಕೆ ಕೂತು ಮುಖ ತಿರುಗಿಸಿಕೊಂಡರು. ನಾನು ಹರಿಗೋಲು ಹತ್ತಿ ನನ್ನ ಜಾಗದಲ್ಲಿ ಕೂತೆ. ದುಂಡಗಿನ ಹರಿಗೋಲಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಅಧ್ಯಕ್ಷರಾದವರು ಹುಲಗಪ್ಪನ ಬಲಕ್ಕೆ ಕೂರುತ್ತಾರೆ, ಅಷ್ಟೇ ಗುರುತು.

ಇನ್ನೇನು ಹೊರಡಬೇಕು, ಅಷ್ಟರಲ್ಲಿ ಅತ್ತೆ ಕುಂಟುತ್ತಾ ನೀರಿನ ತನಕ ಬಂದು ಬುತ್ತಿ ಬುಟ್ಟಿಯನ್ನು ಹುಲಗಪ್ಪನ ಕೈಗೆ ಕೊಟ್ಟರು. “ಇವತ್ತ ಬುತ್ತಿ ಬಾಳ ಜಡ ಐತಿ ಯವ್ವಾ,” ಅಂದ ಅವನು, ಭಾರಕ್ಕೆ ಬಾಗಿ. “ರೊಟ್ಟಿ ದಪ್ಪ ಆಗ್ಯಾವ,” ಅಂದರು ಅತ್ತೆ. ಅವನು ಅದನ್ನು ನನ್ನ ಪಕ್ಕಕ್ಕಿಟ್ಟು ಹುಟ್ಟು ಕೈಗೆತ್ತಿಕೊಂಡ.

ದಂಡೆ ಬಿಟ್ಟ ಕೂಡಲೇ ಹರಿಗೋಲು ವಾಲಿತು. “ಯಾರ್ರೀ ಅದು, ಸರದು ಕುಂದರ್ರಿ. ಒಂದ ಕಡಿ ಜಗ್ಗಾಕತ್ತೈತಿ,” ಎಂದು ಹುಲಗಪ್ಪ ಕೂಗಿದ. ಎಲ್ಲರೂ ಸರಿದು ಕೂತರು. ಮತ್ತೂ ವಾಲಿತು, ನನ್ನ ಕಡೆಗೇ. ನಾನು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡೆ. ಎಳೆದುಕೊಂಡವಳೇ ಕಲ್ಲಾದೆ. ಇಷ್ಟು ವರ್ಷ ಹೊತ್ತ ಭಾರ ಗೊತ್ತಾಗದೆ ಇರುತ್ತದೆಯೇ? ರೊಟ್ಟಿಯ ನಡುವೆ, ಬಟ್ಟೆಯ ಮಡಿಕೆಯೊಳಗೆ, ಬೆಚ್ಚಗೆ ಕೂತಿದ್ದಳು ಕರೆವ್ವ.

ದಂಡೆಯ ಮೇಲೆ ನಮ್ಮವರಿಗೆ ವಾಲಿದ್ದು ಕಂಡಿತು. “ಅವ್ವ ಹೋದ್ಲೋ! ಕರೆವ್ವ ಹೊಂಟ್ಲೋ!” ಎಂದು ಒಂದೇ ಕೂಗು. ಹಲಗೆ ಸಿಡಿಲಿನ ಹಾಗೆ ಬಡಿಯತೊಡಗಿತು. ಭಂಡಾರ ಎರಚಿದ್ದಕ್ಕೆ ದಂಡೆಯೆಲ್ಲ ಹಳದಿಯಾಯಿತು. ಆ ಹಳದಿಯ ನಡುವೆ ನನ್ನ ಅತ್ತೆ ಎರಡೂ ಕೈಯೆತ್ತಿ ನಿಂತಿದ್ದರು, ಮೊಣಕಾಲು ನೋವು ಎಲ್ಲಿ ಹೋಗಿತ್ತೋ. ನನ್ನ ಕಣ್ಣು ತುಂಬಿ ಬಂತು. ಅಷ್ಟು ಸಂತೋಷವನ್ನು ನಾನು ನನ್ನ ಮದುವೆಯಲ್ಲೂ ಪಟ್ಟಿರಲಿಲ್ಲ.

ದೇಸಾಯರು ನಕ್ಕರು. “ಒಳ್ಳೇದಾತು ಬಿಡ್ರಿ. ಇನ್ನ ಠರಾವು ಪಾಸು ಆದಂಗ. ಅವ್ವ ತಾನ ಬಂದು ಕುಂತ್ಲು.” ನಾನು ಬುಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಸಭೆ ಶುರುವಾಗಿಯೇಬಿಟ್ಟಿತು.

ಅವತ್ತಿನ ಮೊದಲ ವಿಷಯ ನಳದ್ದು. ಒಂದು ಓಣಿಗೆ ಸಾಲುವಷ್ಟು ಪೈಪು ಬಂದಿತ್ತು. ಪಾಳಿಯ ಪ್ರಕಾರ ಅದು ಬಳೆಗಾರರ ಓಣಿಗೆ ಹೋಗಬೇಕು. ನಮ್ಮ ಓಣಿಗೂ ನೀರಿಲ್ಲ, ಅದಕ್ಕೇ ನಾನು ಜಗಳಾಡಿಯಾದರೂ ಕಸಿದುಕೊಳ್ಳಬೇಕು ಅಂದುಕೊಂಡು ಬಂದಿದ್ದೆ. ಜಗಳವೇ ಬೇಕಾಗಲಿಲ್ಲ. ವಾಲಿದ ಹರಿಗೋಲಿನಲ್ಲಿ ಎಲ್ಲರೂ ಜಾರಿ ಜಾರಿ ನನ್ನ ಮೊಣಕಾಲಿನ ಹತ್ತಿರ ಬಂದು ಕೂತಿದ್ದರು. “ಅಧ್ಯಕ್ಷರ ಓಣಿಗೇ ಮೊದ್ಲ ಆಗ್ಲಿ,” ಅಂದ ಒಬ್ಬ. “ಅವ್ವ ಬಂದ ದಿನ ಬ್ಯಾರೆ ಮಾತು ಯಾಕ?” ಅಂದ ಇನ್ನೊಬ್ಬ. ದೇವರೇ ಇಲ್ಲದ ಸಿದ್ರಾಮ ಮಾಸ್ತರರೂ ನನ್ನ ಬುಟ್ಟಿಯ ಕಡೆ ಒಮ್ಮೆ ನೋಡಿ, “ನನ್ನದೇನು ಅಡ್ಡಿ ಇಲ್ರಿ,” ಅಂದುಬಿಟ್ಟರು.

ಜಾರದೆ ಉಳಿದವಳು ಒಬ್ಬಳೇ, ಖಾಜಾಬಿ. ಬಳೆಗಾರರ ಓಣಿಯ ಸದಸ್ಯೆ. ನನ್ನೆದುರಿನ ಅಂಚು ಮೇಲಕ್ಕೆದ್ದಿತ್ತು, ಅದಕ್ಕೆ ಎರಡೂ ಕೈಯಲ್ಲಿ ಜೋತುಬಿದ್ದು ಕೂತಿದ್ದಳು. ಅವಳ ಕಾಲು ತಳಕ್ಕೆ ಎಟಕುತ್ತಿರಲಿಲ್ಲ. ಈ ಖಾಜಾಬಿ ಎಂಥವಳು ಅಂದರೆ, ಸಭೆಯಲ್ಲಿ ಅವಳು ಬಾಯಿ ತೆಗೆದರೆ ಆಚೆ ದಂಡೆಯ ಅಗಸರು ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಕೇಳುತ್ತಾರೆ. ಹಿಂದಿನ ಸಭೆಯಲ್ಲಿ ದೀಪದ ಕಂಬದ ಸಲುವಾಗಿ ನನ್ನ ಸೆರಗು ಹಿಡಿದೆಳೆದಿದ್ದಳು. ನಾನೂ ಬಿಟ್ಟಿರಲಿಲ್ಲ, ಅವಳ ಬಳೆ ಒಡೆದಿದ್ದೆ. ಅವಳು ಕಸಿದುಕೊಳ್ಳಲು ಬಿಡುವ ಹೆಣ್ಣಲ್ಲ. ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಅಂತ ನಾನು ಕಾದೆ.

ಖಾಜಾಬಿ ಬುಟ್ಟಿಯನ್ನು ನೋಡಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಸಣ್ಣ ದನಿಯಲ್ಲಿ ಹೇಳಿದಳು, “ಆಗ್ಲಿ ಬಿಡ್ರಿ. ನಮ್ಮದು ಮುಂದ ಯಾವಾಗರ ನೋಡಿದ್ರಾತು.”

ಆ ದನಿ ನನಗೆ ಗೊತ್ತು. ನನ್ನ ತಾಯಿ ಮನೆಮನೆಯ ಬಾಗಿಲಿಗೆ ಬುಟ್ಟಿ ಮಾರಲು ಹೋದಾಗ ಅದೇ ದನಿಯಲ್ಲಿ “ನೀವು ಕೊಟ್ಟಷ್ಟು ಕೊಡ್ರಿ ಯವ್ವಾರ” ಅನ್ನುತ್ತಿದ್ದಳು. ನಮ್ಮ ಇಡೀ ಓಣಿ ತಲೆತಲಾಂತರದಿಂದ ಆಡಿದ ದನಿ ಅದು. ಖಾಜಾಬಿಯ ಬಾಯಲ್ಲಿ ಅದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅವಳು ನನಗೆ ಹೆದರಿದವಳಲ್ಲ, ದೇಸಾಯರಿಗೆ ಹೆದರಿದವಳಲ್ಲ. ನನ್ನ ಮಡಿಲಿನಲ್ಲಿ ಕೂತವಳ ಎದುರು ಏನು ಮಾತಾಡಬೇಕೋ ತಿಳಿಯದೆ ಸೋತಿದ್ದಳು. ಒಲೆಯ ಮುಂದೆ ಬಾಯಿಗೆ ಬಾರದೆ ಇದ್ದ ಉತ್ತರ ಈಗ ಬಂತು.

“ಹುಲಗಪ್ಪ, ತಿರುಗ್ಸು,” ಅಂದೆ.

“ಎಲ್ಲಿಗಿ ಯವ್ವಾ?”

“ದಂಡಿಗೆ.”

ದೇಸಾಯರ ನಗು ಹೋಯಿತು. “ಅಧ್ಯಕ್ಷರ, ವಿಚಾರ ಮಾಡ್ರಿ. ನಿಮ್ಮ ಮಂದಿಯೆಲ್ಲ ನಿಂತು ನೋಡಾಕತ್ತಾರ.”

“ನೋಡ್ಲಿ ಅಂತನ ತಿರುಗ್ಸಾಕತ್ತೀನ್ರಿ.”

“ಅಕ್ಕಾ, ಇರ್ಲಿ ಬಿಡು, ನನ್ನ ಸಲುವಾಗಿ...” ಅಂದಳು ಖಾಜಾಬಿ.

“ನೀ ಈಗ ಬಾಯಿ ಮುಚ್ಚು. ಆಮ್ಯಾಲ ತಗಿಯೂವಂತಿ,” ಅಂದೆ.

ಹರಿಗೋಲು ತಿರುಗಿದ್ದನ್ನು ಕಂಡು ದಂಡೆಯವರಿಗೆ ಏನೂ ತಿಳಿಯಲಿಲ್ಲ. ಹತ್ತಿರ ಬಂದ ಹಾಗೆ ಹಲಗೆ ಒಂದೊಂದಾಗಿ ನಿಂತಿತು. ನಾನು ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದೆ. ಬುಟ್ಟಿಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದೆ. ನನ್ನ ಓಣಿಯವರು ದಾರಿ ಬಿಟ್ಟರು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಆದರೂ ಒಬ್ಬೊಬ್ಬರನ್ನೇ ನೋಡಿದೆ. ಅತ್ತೆಯ ಎದುರು ಬಂದು ಬುಟ್ಟಿ ಬಿಚ್ಚಿ, ಕರೆವ್ವನನ್ನು ಎರಡೂ ಕೈಯಲ್ಲಿ ಎತ್ತಿ ಮೆಟ್ಟಿಲ ಮೇಲೆ ಕೂರಿಸಿದೆ. ತಲೆ ಮುಟ್ಟಿಸಿ ನಮಸ್ಕಾರ ಮಾಡಿದೆ. ಎಲ್ಲರಿಗೂ ಕೇಳಲಿ ಅಂತ ಗಟ್ಟಿಯಾಗಿಯೇ ಹೇಳಿದೆ.

“ಯವ್ವಾ, ನೀ ಅಲ್ಲಿ ಕುಂತ್ರ ಖಾಜಾಬಿ ಬಾಯಿ ಕಟ್ಟತೈತಿ. ಆಕಿ ಬಾಯಿ ಕಟ್ಟಿ ಬರೂ ನೀರು ನಮಗ ಬ್ಯಾಡ. ಮನ್ಯಾಗ ದಿನಾ ನಿನ್ನ ಕಾಲು ಹಿಡೀತೀನಿ, ಸಾಯೂತನಕ ನಿನ್ನ ಹೊರ್ತೀನಿ. ಆದ್ರ ನಿನ್ನ ಕಟ್ಕೊಂಡು ಹೋಗಿ ಮಂದಿ ಮ್ಯಾಲ ಬೀಳಾಕ ನಾ ಒಲ್ಲೆ.”

ಅತ್ತೆ ಬಿಳಿಚಿಕೊಂಡ ಮುಖದಲ್ಲಿ, “ಅವ್ವನ್ನ ಇಳಿಸಿದಿ. ನಮ್ಮನ್ನೂ ಇಳಿಸಿದಿ,” ಅಂದರು. ಅಷ್ಟೇ ಅಂದು ಬೆನ್ನು ತಿರುಗಿಸಿದರು. ನಾನು ಅಳುತ್ತಲೇ ವಾಪಸು ಹರಿಗೋಲು ಹತ್ತಿದೆ. ಕಣ್ಣೀರು ಒರೆಸಿಕೊಳ್ಳಲಿಲ್ಲ. ಅಧ್ಯಕ್ಷರು ಅಳಬಾರದು ಅಂತ ಎಲ್ಲೂ ನಿಯಮವಿಲ್ಲವಲ್ಲ.

ಹರಿಗೋಲು ನೆಟ್ಟಗೆ ನಿಂತಿತು. ನಡುಹೊಳೆ ಇನ್ನೂ ಮುಟ್ಟಿಯೂ ಇರಲಿಲ್ಲ, ಖಾಜಾಬಿ ಶುರುಮಾಡಿದಳು. “ಏನಕ್ಕಾ ಫಕೀರವ್ವ, ನಾಚಿಕಿ ಬರಂಗಿಲ್ಲೇನು ನಿನಗ? ಪಾಳಿ ನಮ್ಮದು, ಪೈಪು ನೀವು ಹೊಡಕೊಂಡು ಹೊಂಟಿದ್ರಲ್ಲ!” ಆಹಾ, ಕಿವಿಗೆ ಹಾಲು ಹೊಯ್ದ ಹಾಗಾಯಿತು. ನಾನೂ ಬಿಡಲಿಲ್ಲ. ನಮ್ಮ ಓಣಿಯ ಹೆಂಗಸರು ಎಷ್ಟು ದೂರದಿಂದ ನೀರು ಹೊರುತ್ತಾರೆ ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಅವಳು ಅದಕ್ಕಿಂತ ಗಟ್ಟಿಯಾಗಿ ಕೂಗಿದಳು. ಕೊನೆಗೆ ಸಿದ್ರಾಮ ಮಾಸ್ತರರು, “ಪಾಳಿ ಅಂದ್ರ ಪಾಳಿ,” ಅಂದರು. ನಾನು ಸೋತೆ. ನಳ ಬಳೆಗಾರರ ಓಣಿಗೆ ಹೋಯಿತು. ದೇಸಾಯರು ತಮ್ಮ ಠರಾವನ್ನೂ ತಂದರು. ಕೈ ಎತ್ತಿದಾಗ ಅತ್ತ ಅರ್ಧ, ಇತ್ತ ಅರ್ಧ. ಉಳಿದದ್ದು ನನ್ನ ಕೈ. ನಾನು ‘ಬೇಡ’ ಅಂತ ಎತ್ತಿದೆ. ಅಷ್ಟು ಎತ್ತರಕ್ಕೆ ನನ್ನ ಕೈ ಹಿಂದೆಂದೂ ಹೋಗಿರಲಿಲ್ಲ.

ನನ್ನ ಮೇಲೆ ಅವಿಶ್ವಾಸದ ಠರಾವು ಬಂತು, ಬರಲೇಬೇಕಲ್ಲ. ಈಗ ದೇಸಾಯರೇ ಅಧ್ಯಕ್ಷರು. ಅವರ ದೇವರೂ ಮೆಟ್ಟಿಲ ಮೇಲೆಯೇ ಇಳಿಯುತ್ತಾನೆ, ನಮ್ಮ ಕರೆವ್ವನ ಪಕ್ಕಕ್ಕೆ. ಪ್ರತಿ ಸಭೆಯಲ್ಲೂ ಅವರು ಹೆಗಲು ಜಾಡಿಸಿಕೊಂಡು ಹತ್ತುವುದನ್ನು ನಾನು ಕಣ್ತುಂಬ ನೋಡುತ್ತೇನೆ. ನಮ್ಮ ಓಣಿಯಲ್ಲಿ ಕೆಲವರು ನನ್ನನ್ನು ಕಂಡರೆ ಬಿದಿರು ಸೀಳುವುದನ್ನು ಜೋರುಮಾಡುತ್ತಿದ್ದರು. ಅದನ್ನು ತಡೆದುಕೊಂಡೆ. ಅತ್ತೆಯ ಮೌನ ಮಾತ್ರ ತಡೆಯಲಾಗಲಿಲ್ಲ. ಅವರು ನನ್ನ ಜೊತೆ ಮಾತು ಬಿಟ್ಟು ಗೋಡೆಯ ಜೊತೆ ಮಾತಾಡುತ್ತಿದ್ದರು. “ಯಾರಿಗರ ಹಸಿವಾಗಿದ್ರ ರೊಟ್ಟಿ ಬುಟ್ಟ್ಯಾಗ ಅದಾವ,” ಅಂತ ಗೋಡೆಗೆ ಹೇಳುತ್ತಿದ್ದರು. ನಾನೂ ಗೋಡೆಗೇ, “ಹೊಟ್ಟಿ ತುಂಬೈತ್ರಿ,” ಅನ್ನುತ್ತಿದ್ದೆ. ತಲೆಗೆ ಎಣ್ಣೆ ಹಚ್ಚುವವರಿಲ್ಲದೆ ಕೂದಲು ಸಿಕ್ಕುಗಟ್ಟಿತು. ಬಿಸಿಲುಕಾಲ ಹಾಗೇ ಕಳೆಯಿತು.

ನೀರಿಗೆ ನಾವು ಈಗ ಬಳೆಗಾರರ ಓಣಿಗೆ ಹೋಗುತ್ತೇವೆ. ಬಾವಿಗಿಂತ ಅದು ಹತ್ತಿರ, ಖಾಜಾಬಿ ಯಾರನ್ನೂ ಬೇಡ ಅನ್ನುವುದಿಲ್ಲ. ಒಂದು ಬೆಳಗ್ಗೆ ನಾನು ಕೊಡ ಹಿಡಿದು ಹೋದಾಗ ಸಾಲಿನ ಮುಂದೆ ಅತ್ತೆ ನಿಂತಿದ್ದರು. ಮೊಣಕಾಲು ನೋವಿದ್ದರೂ ನಾನು ತಂದ ನೀರು ಬೇಡ ಅಂತ ತಾವೇ ಬರುತ್ತಿದ್ದರು. ದೇಸಾಯರ ಓಣಿಯ ಒಬ್ಬಾಕೆ ಅವರನ್ನು ಕೆಣಕುತ್ತಿದ್ದಳು. ನಾನು ಹಿಂದೆ ಬಂದದ್ದನ್ನು ಇಬ್ಬರೂ ಕಂಡಿರಲಿಲ್ಲ.

“ಏನ್ ಕಲ್ಲವ್ವಾಯಿ, ನಿನ್ನ ಸೊಸಿ ಸುಮ್ನ ಕುಂತಿದ್ರ ಈ ನಳ ನಿಮ್ಮ ಬಾಗಲದಾಗ ಇರ್ತಿತ್ತು. ಅಧ್ಯಕ್ಷಗಿರಿನೂ ಹೋತು, ನೀರೂ ಹೋತು. ಎಂಥ ಸೊಸಿ ತಂದಿಯವ್ವಾ!”

ಅತ್ತೆ ತುಂಬಿದ ಕೊಡವನ್ನು ಠಣ್ಣೆಂದು ಕೆಳಗಿಟ್ಟರು.

“ಏ, ಬಾಯಿ ಸಂಭಾಳಸು. ಅತ್ತಿ ಹೇಳಿದ್ಲು, ಕೇಳಲಿಲ್ಲ. ದೇಸಾಯಿ ಹೇಳಿದ, ಕೇಳಲಿಲ್ಲ. ಸಾಕ್ಷಾತ್ ಕರೆವ್ವನ ಬಂದು ಮಡಿಲಾಗ ಕುಂತ್ಲು, ಆಕಿಗೂ ಸೊಪ್ಪು ಹಾಕಲಿಲ್ಲ. ಅಂಥಾಕಿ ನನ್ನ ಸೊಸಿ! ನಿಮ್ಮ ಓಣ್ಯಾಗ ಅಂಥಾಕಿ ಒಬ್ಬಾಕಿ ಇದ್ರ ಕರ್ಕೊಂಡು ಬಾ, ನೋಡ್ತೀನಿ.”

ಆ ಹೆಂಗಸು ತನ್ನ ಕೊಡವನ್ನು ಹಿಂದಕ್ಕೆ ಸರಿಸಿಕೊಂಡಳು. ಅತ್ತೆ ಸೆರಗು ಕೊಡವಿ ತಿರುಗಿದರು, ನಾನು ಅವರ ಕಣ್ಣಿಗೆ ಬಿದ್ದೆ. ಒಂದು ಗಳಿಗೆ ಸಿಕ್ಕಿಬಿದ್ದವರ ಹಾಗೆ ನಿಂತರು. ಆಮೇಲೆ ಹುಬ್ಬು ಗಂಟು ಹಾಕಿ, ಗೋಡೆಗಲ್ಲ, ನನಗೇ ಹೇಳಿದರು.

“ನಿಂತು ಏನ್ ನೋಡ್ತಿ? ಈ ಕೊಡಾನೂ ಎತ್ಕೋ. ಒಂದ ಹೆಗಲ ಮ್ಯಾಲ ಅವ್ವ ಅದಾಳ, ಇನ್ನೊಂದು ಖಾಲಿನ ಐತಲ್ಲ.”